ರಾತ್ರಿ ಹೊತ್ತು ಮನೆಯಲ್ಲಿ ಸದ್ದು: ಮೂಲವನ್ನು ಪತ್ತೆ ಮಾಡುವ ಬಗೆ

ಹೊನ್ನಾಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕಾಳು ದಾಸ್ತಾನಿನ ಬಗೆಗೆ ಒಂದು ದಿನದ ತರಬೇತಿ ಏರ್ಪಾಡಾಗಿತ್ತು. ಪ್ರಶ್ನೋತ್ತರ ಮುಗಿದು ಎಲ್ಲರೂ ಚಹಾಕ್ಕೆ ಎದ್ದಾಗ ನಡುವಯಸ್ಸಿನ ರೈತರೊಬ್ಬರು ಹತ್ತಿರ ಬಂದರು. ಬೇರೆಯವರಿಗೆ ಕೇಳದ ಹಾಗೆ, "ಸಾರ್, ರಾತ್ರಿ ನಮ್ಮನೆ ಅಟ್ಟದ ಮ್ಯಾಲೆ ಯಾರೋ ಓಡಾಡ್ದಂಗೆ ಆಗ್ತೈತ್ರಿ. ಇದಕ್ಕೂ ಏನಾರ ಔಷಧಿ ಐತೇನ್ರಿ?" ಎಂದು ಕೇಳಿದರು.

ಮಾತಾಡಿಸಿದ ಮೇಲೆ ಉಳಿದ ಸಂಗತಿ ಹೊರಬಿತ್ತು. ಅವರದು ಅಜ್ಜನ ಕಾಲದ ಹಂಚಿನ ಮನೆ; ಹಿಂದುಗಡೆ ಇತ್ತೀಚೆಗೆ ತಗಡಿನ ಶೀಟು ಹೊದಿಸಿ ಎರಡು ಅಂಕಣ ಸೇರಿಸಿದ್ದರು. ಅಟ್ಟದ ಮೇಲೆ ಮೆಕ್ಕೆಜೋಳದ ತೆನೆ, ಕೋಣೆಯಲ್ಲಿ ಬೆಲೆ ಏರಲೆಂದು ಕಾದಿಟ್ಟ ಮೆಕ್ಕೆಜೋಳದ ಚೀಲಗಳು. ಎರಡು ತಿಂಗಳಿಂದ ಸದ್ದು. ತಾಯಿ ಹೆದರಿ ಮಗಳ ಮನೆ ಸೇರಿದ್ದರು. ಶಾಂತಿ ಮಾಡಿಸಬೇಕೆಂದು ಒಬ್ಬರು ಹೇಳಿದ್ದರು. ಅದಕ್ಕೆ ಬೇಕಾದ ಹಣಕ್ಕಾಗಿ ಜೋಳವನ್ನು ಸಿಕ್ಕ ಬೆಲೆಗೆ ಮಾರಿ, ಸಂಸಾರವನ್ನು ತೋಟದ ಶೆಡ್ಡಿಗೆ ಸಾಗಿಸಲು ಇವರು ಮನಸ್ಸು ಮಾಡಿದ್ದರು.

ಆ ಮನೆಯಲ್ಲಿ ಮೂಲ ಹೇಗೆ ಸಿಕ್ಕಿತು ಎಂಬುದನ್ನು ಮುಂದೆ ನೋಡೋಣ. ಇಂಥ ಪ್ರಶ್ನೆ ಒಬ್ಬರದಲ್ಲ. ಬಹಳ ಮಂದಿ ನಾಚಿಕೆಯಿಂದ ಕೇಳುವುದಿಲ್ಲ, ಅಷ್ಟೆ. ನಿಮ್ಮ ಮನೆಯಲ್ಲಿ ಅರ್ಥವಾಗದ ಸದ್ದು ಕೇಳಿಸಿದರೆ ಅದನ್ನು ಬೆಳೆಯ ರೋಗದ ಚಿಹ್ನೆಯಂತೆ ನೋಡಿರಿ. ಎಲೆ ಹಳದಿಯಾದರೆ ಯಾವ ಎಲೆ, ತುದಿಯೋ ಬುಡವೋ, ಎಂದಿನಿಂದ ಎಂದು ಕೇಳುತ್ತೇವಲ್ಲವೆ? ಸದ್ದಿಗೂ ಅದೇ ಪ್ರಶ್ನೆಗಳು.

ಮೊದಲು ಬರೆದಿಡಿ

ಒಂದು ವಾರ ಕಾಲ ಮಕ್ಕಳ ಹಳೆಯ ನೋಟು ಪುಸ್ತಕವೊಂದನ್ನು ತಲೆದಿಂಬಿನ ಬಳಿ ಇಟ್ಟುಕೊಳ್ಳಿ. ಸದ್ದು ಕೇಳಿದಾಗ ಗಡಿಯಾರ ನೋಡಿ ಗಂಟೆ ಬರೆಯಿರಿ. ಯಾವ ದಿಕ್ಕಿನಿಂದ, ಎಷ್ಟು ಹೊತ್ತು, ಒಂದೇ ಸಲವೋ ಬಿಟ್ಟು ಬಿಟ್ಟೋ, ಅಂದು ಬಿಸಿಲಿತ್ತೋ ಮಳೆಯೋ, ಪಂಪಿಗೆ ಕರೆಂಟು ಇತ್ತೋ ಇಲ್ಲವೋ, ಇವಿಷ್ಟು ಸಾಕು. ಮನೆಯಲ್ಲಿ ಇಬ್ಬರು ಬೇರೆ ಬೇರೆ ಕೋಣೆಯಲ್ಲಿ ಮಲಗಿ ಬೇರೆ ಬೇರೆ ಬರೆದರೆ ಇನ್ನೂ ಒಳ್ಳೆಯದು. ಎಲ್ಲಿ ಜೋರಾಗಿ ಕೇಳಿತೆಂಬುದು ಗೊತ್ತಾಗುತ್ತದೆ. ಈಗ ಎಲ್ಲರ ಕೈಯಲ್ಲೂ ಮೊಬೈಲು ಇದೆ. ಅದರ ಧ್ವನಿಮುದ್ರಣವನ್ನು ಹಚ್ಚಿ ರಾತ್ರಿಯಿಡೀ ಅಟ್ಟದ ಮೇಲೆ ಇಡಬಹುದು.

ಬರೆಯುವಾಗಲೇ ಅರ್ಧ ಗುಟ್ಟು ಬಿಟ್ಟುಕೊಡುತ್ತದೆ. ಆ ರೈತರು "ಒಂದು ಸದ್ದು" ಎಂದು ಹೇಳಿಕೊಂಡು ಬಂದಿದ್ದರು. ವಾರ ಕಳೆದು ಪುಸ್ತಕ ನೋಡಿದರೆ ಇದ್ದದ್ದು ನಾಲ್ಕು. ದೀಪ ಹಚ್ಚುವ ಹೊತ್ತಿಗೆ "ಠಣ್, ಠಣ್" ಎಂಬುದೊಂದು. ಒಂಬತ್ತರ ಮೇಲೆ ಅಟ್ಟದಲ್ಲಿ ಓಡಾಟ, ಏನೋ ಉರುಳಿದ ಸದ್ದು. ಗೋಡೆಯ ತ್ರಿಕೋನದ ಕಡೆಯಿಂದ ಯಾರೋ ಗೊರಕೆ ಹೊಡೆದಂತೆ, ನಡುನಡುವೆ ಚೀರಿದಂತೆ. ನಸುಕಿನ ಮೂರರ ಸುಮಾರಿಗೆ ಬಚ್ಚಲ ಗೋಡೆಯಲ್ಲಿ "ದಢ್" ಎಂಬ ಹೊಡೆತ. ಇವೆಲ್ಲ ಕತ್ತಲಲ್ಲಿ ಒಂದರ ಮೇಲೊಂದು ಬಂದು ಒಂದೇ ಎನಿಸಿದ್ದವು.

ಕಾಲಿಲ್ಲದ ಸದ್ದುಗಳು

ಸಂಜೆಯ "ಠಣ್" ಶೀಟಿನದು. ಬಿಸಿಲಿಗೆ ಲೋಹ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. 6 ಮೀಟರ್ ಉದ್ದದ ಉಕ್ಕಿನ ಶೀಟು 25 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಾದರೆ ಸುಮಾರು 2 ಮಿಲಿಮೀಟರ್ ಮೋಟಾಗುತ್ತದೆ. ಮೊಳೆಯೋ ಬೋಲ್ಟೋ ಹಿಡಿದಿಟ್ಟಿರುವ ಕಡೆ ಅದು ಸರಾಗವಾಗಿ ಜಾರದೆ ತಡೆದು ತಡೆದು ಒಮ್ಮೆಲೇ ಜಾರುತ್ತದೆ, ಆಗ ಸದ್ದು. ಬಿಸಿಲು ಜೋರಾಗಿದ್ದ ದಿನ ಹೆಚ್ಚು, ಮೋಡದ ದಿನ ಕಡಿಮೆ ಇದ್ದರೆ ಇದೇ ಎಂದು ತಿಳಿಯಿರಿ. ಸಡಿಲವಾದ ಬೋಲ್ಟಿಗೆ ರಬ್ಬರ್ ವಾಷರು ಹಾಕಿ ಬಿಗಿ ಮಾಡಿದರೆ ಮುಗಿಯಿತು. ಹಳೆಯ ತೊಲೆ, ಜಂತಿಗಳೂ ರಾತ್ರಿಯ ತಂಪಿಗೆ "ಕಟಕ್" ಎನ್ನುವುದುಂಟು. ಅದರಿಂದ ತೊಂದರೆಯಿಲ್ಲ.

ಬಚ್ಚಲ ಗೋಡೆಯ "ದಢ್" ಮಾತ್ರ ಹಾಗಲ್ಲ. ಪಂಪುಗಳಿಗೆ ತ್ರೀ ಫೇಸ್ ವಿದ್ಯುತ್ತು ಪಾಳಿಯ ಪ್ರಕಾರ ಬರುತ್ತದೆ. ಆಟೋ ಸ್ಟಾರ್ಟರು ಇದ್ದಲ್ಲಿ ನಾವು ನಿದ್ದೆಯಲ್ಲಿರುವಾಗಲೇ ಪಂಪು ಹೊರಡುತ್ತದೆ, ನಿಲ್ಲುತ್ತದೆ. ಕರೆಂಟು ತಟ್ಟನೆ ಹೋದಾಗ ಕೊಳವೆಯಲ್ಲಿ ಏರುತ್ತಿದ್ದ ನೀರು ಹಿಂದಕ್ಕೆ ಬಿದ್ದು ವಾಲ್ವಿಗೆ ಬಡಿಯುತ್ತದೆ. ಇದಕ್ಕೆ ನೀರಿನ ಬಡಿತ ಎನ್ನಬಹುದು. ಆ ರೈತರ ಪೈಪು ಬಚ್ಚಲ ಗೋಡೆಗೆ ತಾಗಿಕೊಂಡೇ ತೊಟ್ಟಿಗೆ ಹೋಗಿತ್ತು. ಪುಸ್ತಕದಲ್ಲಿ ಬರೆದ ಗಂಟೆಯನ್ನೂ ಕರೆಂಟಿನ ಪಾಳಿಯನ್ನೂ ಹೊಂದಿಸಿದಾಗ ಅನುಮಾನ ಉಳಿಯಲಿಲ್ಲ. ಈ ಬಡಿತವನ್ನು ಅಲಕ್ಷ್ಯ ಮಾಡಬಾರದು. ದಿನವೂ ಬಡಿದರೆ ಪೈಪಿನ ಕೀಲು ಬಿಡುತ್ತದೆ, ಪಂಪಿಗೂ ಪೆಟ್ಟು. ಹಿಮ್ಮುಖ ತಡೆಯುವ ವಾಲ್ವು ಸರಿಯಾಗಿ ಮುಚ್ಚುತ್ತಿದೆಯೇ ನೋಡಿ, ಪೈಪು ಏರಿರುವ ಜಾಗದಲ್ಲಿ ಗಾಳಿ ಹೋಗುವ ವಾಲ್ವು ಹಾಕಿಸಿ, ಗೋಡೆಗೆ ತಾಗುವಲ್ಲಿ ಪೈಪನ್ನು ಕ್ಲಾಂಪಿನಿಂದ ಬಿಗಿಯಿರಿ.

ಮೀಟರ್ ಬೋರ್ಡಿನಲ್ಲಿ "ಗುಂಯ್" ಅಥವಾ "ಚರ್ ಚರ್" ಎಂದರೆ ಮೈನ್ ಸ್ವಿಚ್ಚು ಆರಿಸಿ ಕೇಳಿರಿ. ನಿಂತುಹೋದರೆ ಅದು ವಿದ್ಯುತ್ತಿನ ಸದ್ದು. ತಂತಿಯ ಕೀಲು ಸಡಿಲಾಗಿದೆ ಅಥವಾ ಇಲಿ ತಂತಿಯ ಹೊದಿಕೆ ಕಡಿದಿದೆ. ನೀವೇ ಕೈ ಹಾಕಬೇಡಿ. ಮೈನ್ ಆರಿಸಿದರೂ ಸದ್ದು ಇದ್ದರೆ ಸರ್ವಿಸ್ ತಂತಿಯ ಕಡೆ ದೋಷವಿರಬಹುದು. ಲೈನ್‌ಮನ್ ಬರುವವರೆಗೆ ಮಕ್ಕಳನ್ನೂ ದನಗಳನ್ನೂ ಆ ಗೋಡೆಯಿಂದ ದೂರವಿಡಿ.

ಹೆಜ್ಜೆ ಹಿಡಿಯುವ ಉಪಾಯ

ಅಟ್ಟದ ಓಡಾಟಕ್ಕೆ ಬರೋಣ. ಕಾಲುಳ್ಳ ಪ್ರಾಣಿಯನ್ನು ಕಾಲಿನಿಂದಲೇ ಹಿಡಿಯಬೇಕು. ಸಂಜೆ ಅಟ್ಟದ ಹಲಗೆಯ ಮೇಲೆ, ಗೋಡೆಯ ಬದಿಗೆ, ಜರಡಿ ಹಿಡಿದ ಬೂದಿಯನ್ನೋ ರಂಗೋಲಿ ಪುಡಿಯನ್ನೋ ತೆಳ್ಳಗೆ ಒಂದು ಮೊಳ ಅಗಲ ಉದುರಿಸಿ. ಬೆಳಗ್ಗೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಸಣ್ಣ ಹೆಜ್ಜೆಗಳ ನಡುವೆ ಬಾಲ ಎಳೆದ ಗೆರೆ ಕಂಡರೆ ಇಲಿ. ಬೆಕ್ಕಿನದಕ್ಕೆ ಹೋಲುವ, ಆದರೆ ಐದು ಬೆರಳಿನ ಗುರುತು ಕಂಡರೆ ಕಬ್ಬೆಕ್ಕು. ಅಡಿಕೆ ತೋಟದ ಅಂಚಿನ ಮನೆಗಳಿಗೆ ಇದು ಬರುವುದುಂಟು. ಮೈತೂಕವಿರುವುದರಿಂದ ಇದರ ನಡಿಗೆ ಮನುಷ್ಯ ಮೆಲ್ಲಗೆ ನಡೆದಂತೆಯೇ ಕೇಳುತ್ತದೆ. ಸದ್ದು ಕೇಳಿಯೂ ಬೂದಿಯ ಮೇಲೆ ಗುರುತೇ ಇಲ್ಲದಿದ್ದರೆ ಅದು ಹಂಚಿನ ಮೇಲಿನದು ಅಥವಾ ಕಾಲಿಲ್ಲದ್ದು.

ಹಿಕ್ಕೆಯೂ ಒಳ್ಳೆಯ ಸಾಕ್ಷಿ. ಸುಂಡಿಲಿಯದು ಅಕ್ಕಿಕಾಳಿನಷ್ಟು, ಮನೆ ಇಲಿಯದು ಅದರ ಎರಡರಷ್ಟು ಉದ್ದ, ಹೆಗ್ಗಣದ್ದು ಇನ್ನೂ ದಪ್ಪ. ಬಾವಲಿಯದು ಬೆರಳಿನಲ್ಲಿ ಒತ್ತಿದರೆ ಪುಡಿಯಾಗುತ್ತದೆ, ಅದರಲ್ಲಿ ಹುಳುಗಳ ರೆಕ್ಕೆಯ ಚೂರು ಹೊಳೆಯುತ್ತವೆ. ಹಲ್ಲಿಯದಕ್ಕೆ ತುದಿಯಲ್ಲಿ ಬಿಳಿ ಚುಕ್ಕೆ. ಹಣ್ಣಿನ ಬೀಜಗಳು ತುಂಬಿದ ಹಿಕ್ಕೆ ಕಬ್ಬೆಕ್ಕಿನದು. ಕೈಯಿಂದ ಮುಟ್ಟದೆ ಕಡ್ಡಿಯಿಂದ ಹೊರಳಿಸಿ ನೋಡಿ. ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆ.

ಆ ಮನೆಯಲ್ಲಿ ಬೂದಿಯ ಮೇಲೆ ಬಾಲದ ಗೆರೆಗಳು ಹೆಣೆದುಕೊಂಡಿದ್ದವು. ಉರುಳಿದ ಸದ್ದು ಮೆಕ್ಕೆಜೋಳದ ತೆನೆಗಳದು. ಚೀಲದ ರಾಶಿಯನ್ನು ಗೋಡೆಯಿಂದ ಸರಿಸಿ ನೋಡಿದಾಗ ಹಿಂದಿನ ಸಾಲಿನ ಚೀಲಗಳು ಕೆಳಗಡೆ ತೂತಾಗಿ, ಕಾಳು ನೆಲಕ್ಕೆ ಸುರಿದಿತ್ತು. ಮುಂದಿನ ಸಾಲು ಮಾತ್ರ ಹೊಲಿಗೆ ಬಿಡದೆ ನಿಂತಿತ್ತು. ನೋಡಿದವರಿಗೆ ದಾಸ್ತಾನು ಭದ್ರವಾಗಿದೆ ಎಂದೇ ಕಾಣುವಂತೆ!

ಲೆಕ್ಕ ಹಾಕಿ ನೋಡಿ. ಒಂದು ಮನೆ ಇಲಿ ದಿನಕ್ಕೆ 20 ಗ್ರಾಂನಷ್ಟು ಕಾಳು ತಿನ್ನುತ್ತದೆ ಎಂದು ಇಟ್ಟುಕೊಳ್ಳಿ. 20 ಇಲಿಗಳಿಗೆ ದಿನಕ್ಕೆ 400 ಗ್ರಾಂ, ಆರು ತಿಂಗಳಿಗೆ 72 ಕಿಲೋ. ಇದು ತಿಂದದ್ದು ಮಾತ್ರ. ಚೆಲ್ಲಿದ್ದು, ಮೂತ್ರ ಹಿಕ್ಕೆಯಿಂದ ಕೆಟ್ಟದ್ದು ಇದಕ್ಕಿಂತ ಹೆಚ್ಚು. ಬೆಲೆ ಏರಲೆಂದು ಕಾಯುವವರು ಈ ಲೆಕ್ಕವನ್ನೂ ಜೊತೆಗೆ ಹಾಕಬೇಕು.

ಗೊರಕೆ ಹೊಡೆದದ್ದು ಯಾರು?

ಗೋಡೆಯ ತ್ರಿಕೋನದ ಸಂದಿಯಲ್ಲಿ ಹಗಲು ಹೊತ್ತು ಟಾರ್ಚು ಬಿಟ್ಟಾಗ ಹೃದಯದಾಕಾರದ ಎರಡು ಬಿಳಿ ಮುಖಗಳು ಕಂಡವು. ಕಣಜ ಗೂಬೆ. ಅದರ ಮರಿಗಳು ಆಹಾರಕ್ಕಾಗಿ ಬುಸುಗುಟ್ಟುವುದು ಗೊರಕೆಯಂತೆಯೇ ಇರುತ್ತದೆ. ದೊಡ್ಡ ಹಕ್ಕಿ ಹಾರುವಾಗ ಚೀರುತ್ತದೆ. ಕೆಳಗೆ ಹೆಬ್ಬೆರಳು ಗಾತ್ರದ ಕಪ್ಪು ಉಂಡೆಗಳು ಬಿದ್ದಿದ್ದವು. ಒಂದನ್ನು ನೀರಿನಲ್ಲಿ ನೆನೆಸಿ ಬಿಡಿಸಿದಾಗ ಇಲಿಯ ಕೂದಲು, ತಲೆಬುರುಡೆ, ಬಾಚಿಹಲ್ಲು ಹೊರಬಂದವು. ಗೂಬೆ ಅರಗದ್ದನ್ನು ಹೀಗೆ ಉಂಡೆ ಕಟ್ಟಿ ಉಗುಳುತ್ತದೆ.

ನಮ್ಮ ಸೀಮೆಯಲ್ಲಿ ಬುಡುಬುಡಿಕೆಯವರು ನಸುಕಿನಲ್ಲಿ ಬಂದು ಹಾಲಕ್ಕಿಯ ಶಕುನ ಹೇಳುವ ಪದ್ಧತಿ ಇದೆ. ಹಾಲಕ್ಕಿಯೂ ಒಂದು ಸಣ್ಣ ಗೂಬೆಯೇ. ಒಂದು ಗೂಬೆಯ ನುಡಿಯನ್ನು ಶುಭವೆಂದು ಕೇಳಿ ಕಾಳು ನೀಡುತ್ತೇವೆ, ಇನ್ನೊಂದು ಗೂಬೆ ಮನೆ ಹೊಕ್ಕರೆ ಮನೆಯನ್ನೇ ಬಿಡುತ್ತೇವೆ! ಕಣಜ ಗೂಬೆ ರಾತ್ರಿಗೆ ಒಂದೆರಡು ಇಲಿ ತಿನ್ನುತ್ತದೆ. ಮರಿಗಳಿದ್ದಾಗ ಬೇಟೆ ಇನ್ನೂ ಹೆಚ್ಚು. ಗದ್ದೆಯ ಇಲಿಗೂ ಇದೇ ಶತ್ರು. ಹೆಸರೇ ಹೇಳುವಂತೆ ಅದು ಕಣಜವಿರುವಲ್ಲಿಗೆ ಬರುವುದು ಕಾಳಿಗಾಗಿ ಅಲ್ಲ, ಕಾಳು ತಿನ್ನುವವರಿಗಾಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಗೂಬೆ, ಕಬ್ಬೆಕ್ಕುಗಳನ್ನು ಕೊಲ್ಲುವುದು, ಹಿಡಿಯುವುದು ಅಪರಾಧ ಎಂಬುದನ್ನು ತಿಳಿದಿರಿ. ಮರಿಗಳು ಹಾರಿಹೋಗುವವರೆಗೆ ತಾಳ್ಮೆಯಿರಲಿ. ಆಮೇಲೆ ಬೇಕಿದ್ದರೆ ಮನೆಯ ಸಂದಿ ಮುಚ್ಚಿ, ಕಣದ ಬಳಿಯ ಮರಕ್ಕೆ ಒಂದು ಮರದ ಪೆಟ್ಟಿಗೆ ಕಟ್ಟಿಕೊಡಿ.

ಇಲಿ ಹತೋಟಿ

ಗೂಬೆ ಇರುವ ಮನೆಯಲ್ಲಿ ಪಾಷಾಣ ಕೊನೆಯ ಮಾತಾಗಿರಬೇಕು, ಏಕೆಂದರೆ ಪಾಷಾಣ ತಿಂದ ಇಲಿಯನ್ನು ತಿಂದ ಗೂಬೆಯೂ ಸಾಯಬಹುದು. ಮೊದಲು ದಾರಿ ಮುಚ್ಚಿ. ಅರ್ಧ ಅಂಗುಲದ ಸಂದಿ ಮರಿ ಇಲಿಗೆ ಹೆಬ್ಬಾಗಿಲು. ಹಂಚು ಮತ್ತು ಗೋಡೆ ಸೇರುವ ಕಡೆ ಗಾಜಿನ ಚೂರು ಬೆರೆಸಿದ ಸಿಮೆಂಟು ಗಾರೆ ತುಂಬಿ. ಕಿಟಕಿ, ಗಾಳಿಗಂಡಿಗಳಿಗೆ ಸಣ್ಣ ಕಣ್ಣಿನ ತಂತಿ ಬಲೆ ಹೊಡೆಯಿರಿ. ಮಾಡಿನ ಮೇಲೆ ಬಾಗಿದ ಕೊಂಬೆಗಳನ್ನು ಸವರಿಸಿ. ಚೀಲಗಳನ್ನು ಮರದ ಅಡ್ಡೆಯ ಮೇಲೆ, ಗೋಡೆಯಿಂದ ಎರಡು ಅಡಿ ಬಿಟ್ಟು ಒಟ್ಟಿರಿ. ನಾಲ್ಕೂ ಸುತ್ತ ನೀವು ನಡೆದಾಡುವಂತಿರಲಿ.

ಬೋನು ಇಡುವುದರಲ್ಲಿ ಬಹಳ ಮಂದಿ ಒಂದು ತಪ್ಪು ಮಾಡುತ್ತಾರೆ. ಇಲಿಗೆ ಹೊಸ ವಸ್ತುವಿನ ಅನುಮಾನ ಹೆಚ್ಚು. ಆದ್ದರಿಂದ ಮೊದಲ ಮೂರು ದಿನ ಬಾಗಿಲು ಕಟ್ಟದೆ, ಕೊಬ್ಬರಿ ಚೂರನ್ನೋ ಹುರಿದ ಶೇಂಗಾವನ್ನೋ ಇಟ್ಟು ತಿನ್ನಲು ಬಿಡಿ. ನಾಲ್ಕನೆಯ ರಾತ್ರಿ ಬೋನು ಹೂಡಿ. ಒಂದೆರಡು ಬೋನು ಸಾಲದು. ಬೂದಿಯಲ್ಲಿ ಗೆರೆ ಕಂಡ ಗೋಡೆಯ ಬದಿಗೇ ನಾಲ್ಕೈದು ಇರಬೇಕು.

ಇಷ್ಟಾದರೂ ಹತೋಟಿಗೆ ಬರದಿದ್ದರೆ ಶೇಕಡ 0.005ರ ಬ್ರೋಮಡಿಯೋಲೋನ್ ಬಿಲ್ಲೆಯನ್ನು ಮುಚ್ಚಿದ ಡಬ್ಬಿಯಲ್ಲಿ, ಮಕ್ಕಳು, ಕೋಳಿ, ನಾಯಿಗಳಿಗೆ ಎಟುಕದಂತೆ ಇಡಬಹುದು. ಸತ್ತ ಇಲಿಯನ್ನು ಆಳಕ್ಕೆ ಹೂಳಬೇಕು. ಅಕಸ್ಮಾತ್ ಯಾರಾದರೂ ತಿಂದರೆ ಖಾಲಿ ಪೊಟ್ಟಣದ ಸಮೇತ ಆಸ್ಪತ್ರೆಗೆ ಹೋಗಿ. ಇದಕ್ಕೆ ಮದ್ದು ಇದೆ. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನು ಮಾತ್ರ ವಾಸದ ಮನೆಯೊಳಗೆ ಎಂದೆಂದಿಗೂ ತರಬೇಡಿ. ಅವುಗಳಿಂದ ಏಳುವ ಅನಿಲ ಪಕ್ಕದ ಕೋಣೆಯಲ್ಲಿ ಮಲಗಿದವರ ಪ್ರಾಣ ತೆಗೆಯುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ಪರವಾನಗಿ ಪಡೆದ, ತರಬೇತಾದವರಲ್ಲದೆ ಬೇರೆಯವರು ಅದನ್ನು ಬಳಸುವಂತಿಲ್ಲ.

ಚೀಲದೊಳಗಿನ ಸದ್ದು, ಮರದೊಳಗಿನ ಸದ್ದು

ರಾತ್ರಿ ಫ್ಯಾನು ಆರಿಸಿ ಮೆಕ್ಕೆಜೋಳದ ಚೀಲಕ್ಕೆ ಕಿವಿಯಿಟ್ಟು ಕೇಳಿದ್ದೀರಾ? ಸಣ್ಣಗೆ ಮಳೆ ಹನಿದಂತೆ "ಸರ ಸರ" ಕೇಳಿದರೆ ಮೂತಿಹುಳು ವಿಪರೀತವಾಗಿದೆ ಎಂದರ್ಥ. ಕಿವಿಗೆ ಕೇಳುವ ಹಂತಕ್ಕೆ ಬಂದಿದ್ದರೆ ತಡವಾಗಿದೆ. ಹೆಣ್ಣು ಹುಳು ಕಾಳನ್ನು ಕೊರೆದು ಒಳಗೆ ಮೊಟ್ಟೆಯಿಟ್ಟು ಬಾಯಿ ಮುಚ್ಚುತ್ತದೆ. ಬೆಚ್ಚಗಿನ ದಿನಗಳಲ್ಲಿ ತಿಂಗಳೊಪ್ಪತ್ತಿನಲ್ಲಿ ಮರಿ ಹುಳುವಾಗಿ ಹೊರಬರುತ್ತದೆ. ಚೀಲದ ನಡುವಿಗೆ ಕೈ ಹಾಕಿ ನೋಡಿ. ಹೊರಗಿಗಿಂತ ಬಿಸಿಯಾಗಿದ್ದರೆ ಅಂದೇ ಚೀಲ ಬಿಚ್ಚಿ, ಜರಡಿ ಹಿಡಿದು, ಬಿಸಿಲಿಗೆ ಹರವಬೇಕು. ಹಲ್ಲಿನಲ್ಲಿ ಕಡಿದರೆ "ಕಟ್" ಎಂದು ಒಡೆಯುವಷ್ಟು, ಅಂದರೆ ಶೇಕಡ 12ರ ತೇವಾಂಶಕ್ಕೆ ಒಣಗಿಸಿ, ಆರಿದ ಮೇಲೆ ತುಂಬಿ.

ಕಂಬ, ತೊಲೆಗಳಲ್ಲಿ "ಕರ ಕರ" ಎಂದರೆ ಕುಟ್ಟೆ ಹುಳು. ಕೆಳಗೆ ಹಿಟ್ಟಿನಂಥ ಪುಡಿ ಉದುರಿರುತ್ತದೆ. ಗೆದ್ದಲಾದರೆ ಕಂಬವನ್ನು ತಟ್ಟಿ ಕಿವಿಯಿಡಿ. ಕೆಲವು ಜಾತಿಯ ಗೆದ್ದಲಿನ ಸೈನಿಕರು ತಲೆಯನ್ನು ಮರಕ್ಕೆ ಬಡಿದು ತಮ್ಮವರಿಗೆ ಅಪಾಯ ಸೂಚಿಸುತ್ತವೆ, ಅದು "ಟಿಕ್ ಟಿಕ್" ಎಂದು ಕೇಳುತ್ತದೆ. ಸ್ಟೀಲು ಲೋಟದ ಬಾಯನ್ನು ಮರಕ್ಕೆ ಒತ್ತಿ ತಳಕ್ಕೆ ಕಿವಿಯಿಟ್ಟರೆ ಇನ್ನೂ ಚೆನ್ನ. ಸುತ್ತಿಗೆಯ ಹಿಡಿಯಿಂದ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಆ ಕಂಬ ಭಾರ ಹೊರುತ್ತಿಲ್ಲ. ಬಡಗಿಯನ್ನು ಕರೆಸಿ ಊರೆ ಕೊಡಿಸಿ.

ಅಪಾಯದ ಸದ್ದುಗಳು

ಇಲಿ ಇದ್ದಲ್ಲಿಗೆ ಹಾವು ಬರುತ್ತದೆ. ಸೌದೆ ರಾಶಿಯಲ್ಲಿ, ಹುಲ್ಲಿನ ಮೆದೆಯ ಬುಡದಲ್ಲಿ ಕುಕ್ಕರಿನ ಹಬೆಯಂತೆ ದೀರ್ಘವಾಗಿ "ಬುಸ್" ಎಂದರೆ ಕೊಳಕುಮಂಡಲ. ಹಿಂದೆ ಸರಿಯಿರಿ. ಕಟ್ಟುಹಾವು ಸದ್ದೇ ಮಾಡುವುದಿಲ್ಲ. ಆದ್ದರಿಂದ ಮೂಲ ಹುಡುಕುವ ಹುಮ್ಮಸ್ಸಿನಲ್ಲಿ ಯಾವ ಬಿಲಕ್ಕೂ ಬರಿಗೈ ಹಾಕಬೇಡಿ. ಕಚ್ಚಿದರೆ ಕೊಯ್ಯದೆ, ಬಿಗಿಯದೆ, ನೇರ ಸರ್ಕಾರಿ ಆಸ್ಪತ್ರೆಗೆ.

ಮಳೆಗಾಲದಲ್ಲಿ ಮಣ್ಣಿನ ಗೋಡೆಯಿಂದ ಬಿಟ್ಟು ಬಿಟ್ಟು ಮಣ್ಣು ಉದುರುವ ಸದ್ದು, ತೊಲೆ ನರಳಿದ ಸದ್ದು, ಅದುವರೆಗೆ ಸರಾಗವಿದ್ದ ಬಾಗಿಲು ಚೌಕಟ್ಟಿಗೆ ಹಿಡಿಯುವುದು, ಇವು ಗೋಡೆ ಕುಸಿಯುವ ಮುನ್ಸೂಚನೆ. 2019ರ ಆಗಸ್ಟಿನಲ್ಲಿ ತುಂಗಭದ್ರೆ ಉಕ್ಕಿದ್ದನ್ನು ಹೊಳೆಯಂಚಿನವರು ಮರೆತಿಲ್ಲ. ನೀರು ಇಳಿದ ಮೇಲೂ ಗೋಡೆ ಬೀಳುತ್ತದೆ; ನೆನೆದ ಬುಡ ಮೇಲಿನ ಭಾರ ತಾಳದು. ಬಿರುಕಿನ ಮೇಲೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ತಾರೀಖು ಬರೆಯಿರಿ. ಗೆರೆ ಎರಡಾಗಿ ದೂರ ಸರಿಯುತ್ತಿದ್ದರೆ ಆ ಕೋಣೆಯಲ್ಲಿ ಮಲಗಬೇಡಿ, ದನವನ್ನೂ ಕಟ್ಟಬೇಡಿ.

ಇನ್ನೊಂದು, ಹಳೆಯ ಮನೆಗಳಿಗೇ ವಿಶೇಷವಾದದ್ದು. ಪಡಸಾಲೆಯಲ್ಲೋ ಅಂಗಳದಲ್ಲೋ ನಡೆದಾಗ ಒಂದು ಕಡೆ ಮಾತ್ರ "ದಬ್ ದಬ್" ಎಂದು ಪೊಳ್ಳಾಗಿ ಕೇಳಿದರೆ ಕೆಳಗೆ ಮರೆತುಹೋದ ಹಗೇವು ಇರಬಹುದು. ಹಿರಿಯರನ್ನು ಕೇಳಿ. ನಿಧಿಯ ಆಸೆ ಬೇಡ. ಹಗೇವಿನ ಕಾಳು ಉಸಿರಾಡಿ, ಕೊಳೆತು, ಒಳಗಿನ ಪ್ರಾಣವಾಯುವನ್ನು ತೀರಿಸಿ ಇಂಗಾಲದ ಡೈಆಕ್ಸೈಡನ್ನು ತುಂಬಿಸಿರುತ್ತದೆ. ಇಳಿದವರು ಕೂಗದೆಯೇ ಬೀಳುತ್ತಾರೆ. ಎತ್ತಲು ಇಳಿದವರೂ ಬೀಳುತ್ತಾರೆ. ಬಾಯಿ ತೆರೆದು ದಿನವಿಡೀ ಗಾಳಿಯಾಡಲು ಬಿಡಿ. ದೀಪ ಇಳಿಸಿದಾಗ ಆರಿಹೋದರೆ ಖಂಡಿತ ಇಳಿಯಬಾರದು. ಉರಿದರೂ ಅದನ್ನೇ ನಂಬಬೇಡಿ. ಇಳಿಯುವುದಕ್ಕಿಂತ ಮೇಲಿನಿಂದಲೇ ಮಣ್ಣು ತುಂಬಿ ದಮ್ಮಸು ಮಾಡುವುದು ಲೇಸು. ಯಾರಾದರೂ ಒಳಗೆ ಬಿದ್ದಿದ್ದರೆ 112ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳದವರನ್ನು ಕರೆಸಿ.

ಊರಿಗೆಲ್ಲ ಒಮ್ಮೆಗೇ ಕೇಳಿಸಿದರೆ

ನೆಲದೊಳಗಿಂದ ಗುಡುಗಿದಂತೆ ಸದ್ದು ಬಂದು, ಪಾತ್ರೆ ಅಲುಗಿ, ಅದೇ ಕ್ಷಣಕ್ಕೆ ಪಕ್ಕದ ಮನೆಗಳಲ್ಲೂ ಕೇಳಿದ್ದರೆ ಅದು ನಿಮ್ಮ ಮನೆಯ ಸಂಗತಿಯಲ್ಲ. ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ 2021ರ ಅಕ್ಟೋಬರಿನಲ್ಲಿ ಹೀಗಾಗಿ ಜನ ಮನೆ ಬಿಟ್ಟು ಬಯಲಿನಲ್ಲಿ ಮಲಗಿದರು. 2022ರ ಜೂನಿನಲ್ಲಿ ಕೊಡಗಿನ ಚೆಂಬು, ಸಂಪಾಜೆ ಕಡೆಯೂ ಸದ್ದಿನೊಡನೆ ನೆಲ ನಡುಗಿತು. ಇವು ಸಣ್ಣ ಭೂಕಂಪನಗಳೆಂದು ಮಾಪಕಗಳು ತೋರಿಸಿದವು. ಹೀಗಾದರೆ ಗಂಟೆ ಬರೆದಿಟ್ಟು ತಹಸೀಲ್ದಾರರಿಗೆ ತಿಳಿಸಿ.

ಮಾಡಿನ ಮೇಲೆ ಕಲ್ಲು ಬೀಳುವುದು, ಬಾಗಿಲು ಬಡಿಯುವುದು ಮನುಷ್ಯರ ಕೆಲಸವೂ ಆಗಿರಬಹುದು. ಜಮೀನಿನ ವ್ಯಾಜ್ಯವಿರುವ ಮನೆಯಾದರೆ ಪೊಲೀಸರಿಗೆ ಹೇಳಿ. ಮನೆಯ ಹೆಣ್ಣುಮಕ್ಕಳ ಮೇಲೆ ಅಪವಾದ ಹೊರಿಸಿ, ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು 2017ರ ಕರ್ನಾಟಕ ಕಾಯಿದೆಯಂತೆ ಶಿಕ್ಷೆಗೆ ಗುರಿಯಾಗುವ ಅಪರಾಧ.

ಆ ರೈತರ ತಾಯಿ ಮನೆಗೆ ಮರಳಿದ್ದಾರೆ. ಗೂಬೆಯ ಸದ್ದು ಇನ್ನೂ ಇದೆ. ಅದು ಯಾರದೆಂದು ಗೊತ್ತಾದ ಮೇಲೆ ನಿದ್ದೆ ಬರುತ್ತದೆಯಂತೆ. ಜೋಳವನ್ನು ಜರಡಿ ಹಿಡಿದು ಒಣಗಿಸಿ, ತೂಕ ಹಾಕಿ, ಗೋಡೆಯಿಂದ ದೂರ ಒಟ್ಟಿದ್ದಾರೆ. ನಿಮಗೆ ಗುರುತು ಹತ್ತದ ಹಿಕ್ಕೆ, ಪುಡಿ, ಹುಳು ಸಿಕ್ಕಿದರೆ ಒಣಗಿಸಿ ಬೆಂಕಿಪೊಟ್ಟಣದಲ್ಲಿ ಹಾಕಿ, ಮೇಲೆ ಸಿಕ್ಕ ಜಾಗ ಮತ್ತು ತಾರೀಖು ಬರೆದು, ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ತನ್ನಿ. ಗಂಟೆ ಬರೆದ ಆ ನೋಟು ಪುಸ್ತಕವನ್ನೂ ಜೊತೆಗೆ ತನ್ನಿ.